ಖಗೋಳ ವಿಜ್ಞಾನದ ಟೆಸ್ಟ್: ಪಾಠ ಅರ್ಥವಾಗಿದೆ, ಪ್ರಶ್ನೆ ನೋಡಿದರೆ ತಲೆ ಓಡುವುದಿಲ್ಲ

ಇತಿಹಾಸದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಓದುತ್ತಿರುವುದು ಇತಿಹಾಸ. ವಿಜ್ಞಾನದ ಒಂದು ವಿಷಯ ಕಡ್ಡಾಯ ಇರುವುದರಿಂದ ಮೊದಲ ವರ್ಷದ ಖಗೋಳ ವಿಜ್ಞಾನ ತಗೊಂಡಿದ್ದೇನೆ. ಕ್ಲಾಸು ತುಂಬಾ ಇಷ್ಟವಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಮುಂದಿನ ವಾರ ಟೆಸ್ಟ್. ಚಂದ್ರನ ಹಂತಗಳು, ಗ್ರಹಣ, ಕೆಪ್ಲರ್ ನಿಯಮಗಳು, ಬೆಳಕು ಮತ್ತು ರೋಹಿತ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ), ನಕ್ಷತ್ರಗಳ ಎಚ್‌ಆರ್ ನಕ್ಷೆ (ತಾಪಮಾನ ಅಡ್ಡಕ್ಕೆ, ಸೂಸುವ ಬೆಳಕು ಉದ್ದಕ್ಕೆ ಇಟ್ಟು ನಕ್ಷತ್ರಗಳನ್ನು ಗುರುತಿಸುವ ನಕ್ಷೆ), ಇಷ್ಟು ಭಾಗ. ಎಲ್ಲವೂ ಸರಿಯಾದದ್ದನ್ನು ಆರಿಸುವ ಪ್ರಶ್ನೆಗಳೇ. ಸೂತ್ರಗಳ ಹಾಳೆ ಅವರೇ ಕೊಡುತ್ತಾರೆ, ಕ್ಯಾಲ್ಕ್ಯುಲೇಟರ್ ಮಾತ್ರ ಇಲ್ಲ.

ಸ್ಲೈಡ್ ಓದುವಾಗ ಎಲ್ಲಾ ಅರ್ಥವಾಗುತ್ತದೆ. ಅಭ್ಯಾಸದ ಪ್ರಶ್ನೆಗಳನ್ನು ನೋಡಿದರೆ ಎಲ್ಲಿಂದ ಹಿಡಿಯಬೇಕು ಅಂತಲೇ ತೋಚುವುದಿಲ್ಲ. ಉದಾಹರಣೆಗೆ ಇವೆರಡು:

"ಬೆಳಗ್ಗೆ 6 ಗಂಟೆಗೆ ಚಂದ್ರ ಆಕಾಶದಲ್ಲಿ ಅತಿ ಎತ್ತರದಲ್ಲಿದ್ದಾನೆ. ಅದು ಯಾವ ಹಂತ?"

"ಎರಡು ನಕ್ಷತ್ರಗಳ ತಾಪಮಾನ ಒಂದೇ. ಒಂದು ಇನ್ನೊಂದಕ್ಕಿಂತ 100 ಪಟ್ಟು ಹೆಚ್ಚು ಬೆಳಕು ಸೂಸುತ್ತದೆ. ಅದರ ತ್ರಿಜ್ಯ ಎಷ್ಟು ಪಟ್ಟು?"

ಇಂಥವಕ್ಕೆ ಹೇಗೆ ತಯಾರಾಗುವುದು? ಸ್ಲೈಡ್‌ಗಳನ್ನೇ ಇನ್ನೊಂದು ಸಲ ಓದಲಾ?

ಲ್ಯಾಬ್_ಮೂಲೆ

ಬೇಡ. ಸ್ಲೈಡ್ ಮುಚ್ಚಿಡಿ. ಇಂಥ ಪೇಪರ್‌ಗಳನ್ನು ತಿದ್ದುವುದು ನನ್ನ ಕೆಲಸ. ಅಂಕ ಕಳೆದುಕೊಳ್ಳುವವರಲ್ಲಿ ಓದದವರು ಕಮ್ಮಿ, ಚಿತ್ರ ಬರೆಯದವರು ಜಾಸ್ತಿ. ಪ್ರಶ್ನೆ ಓದಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಚಂದ್ರನನ್ನು ತಿರುಗಿಸುತ್ತಾ ಕೂರುತ್ತಾರೆ. ಪಕ್ಕದಲ್ಲಿ ಖಾಲಿ ಹಾಳೆ ಸುಮ್ನೆ ಬಿದ್ದಿರುತ್ತದೆ!

ನಿಮ್ಮ ಮೊದಲ ಪ್ರಶ್ನೆಗೆ ಒಂದು ವೃತ್ತ ಬರೆಯಿರಿ. ಅದು ಭೂಮಿ, ಉತ್ತರ ಧ್ರುವದ ಮೇಲಿನಿಂದ ಕಂಡಂತೆ. ಸೂರ್ಯ ಬಲಗಡೆ ದೂರದಲ್ಲಿದ್ದಾನೆ. ಭೂಮಿ ತಿರುಗುವುದು ಗಡಿಯಾರಕ್ಕೆ ವಿರುದ್ಧ ದಿಕ್ಕಿಗೆ. ಹಾಗಾಗಿ ವೃತ್ತದ ಬಲ ತುದಿಯಲ್ಲಿ ನಿಂತವನಿಗೆ ಮಧ್ಯಾಹ್ನ 12, ಮೇಲಿನ ತುದಿಯಲ್ಲಿ ಸಂಜೆ 6, ಎಡ ತುದಿಯಲ್ಲಿ ಮಧ್ಯರಾತ್ರಿ, ಕೆಳಗಿನ ತುದಿಯಲ್ಲಿ ಬೆಳಗ್ಗೆ 6. ಚಂದ್ರನೂ ಅದೇ ದಿಕ್ಕಿಗೆ ಸುತ್ತುತ್ತಾನೆ. ಬಲಗಡೆ ಇದ್ದರೆ ಅಮಾವಾಸ್ಯೆ, ಮೇಲೆ ಬಂದರೆ ಶುಕ್ಲಪಕ್ಷದ ಅರ್ಧಚಂದ್ರ, ಎಡಕ್ಕೆ ಹುಣ್ಣಿಮೆ, ಕೆಳಗೆ ಕೃಷ್ಣಪಕ್ಷದ ಅರ್ಧಚಂದ್ರ. ಬೆಳಗ್ಗೆ 6ಕ್ಕೆ ನೆತ್ತಿಯ ಕಡೆ ಇರಬೇಕು ಅಂದರೆ ಕೆಳಗಿನವನೇ. ಅಂದರೆ ಕೃಷ್ಣಪಕ್ಷದ ಅರ್ಧಚಂದ್ರ. ಹುಟ್ಟುವುದು ಇದಕ್ಕೆ ಸುಮಾರು 6 ಗಂಟೆ ಮೊದಲು, ಮುಳುಗುವುದು 6 ಗಂಟೆ ನಂತರ. ಈ ಒಂದು ಚಿತ್ರದಿಂದ ಹಂತಗಳ ಪ್ರಶ್ನೆಗಳು ಹೆಚ್ಚುಕಮ್ಮಿ ಎಲ್ಲಾ ಬಿಡಿಸಬಹುದು.

ಒಂದು ಬಲೆ ಇದೆ, ಹುಷಾರು. ಹಂತಗಳಿಗೆ ಕಾರಣ ಭೂಮಿಯ ನೆರಳು ಅನ್ನುವ ಆಯ್ಕೆ ಇದ್ದೇ ಇರುತ್ತದೆ. ನೆರಳಿಗೂ ಹಂತಕ್ಕೂ ಸಂಬಂಧವಿಲ್ಲ. ನೆರಳು ಬಿದ್ದರೆ ಅದು ಚಂದ್ರಗ್ರಹಣ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ, ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗುವುದಿಲ್ಲ.

ಎರಡನೆಯ ಪ್ರಶ್ನೆ. ಕ್ಯಾಲ್ಕ್ಯುಲೇಟರ್ ಇಲ್ಲ ಅಂದರೇನೇ ಸುಳಿವು ಕೊಟ್ಟ ಹಾಗೆ: ಎಲ್ಲಾ ಲೆಕ್ಕವೂ "ಎಷ್ಟು ಪಟ್ಟು" ಅನ್ನುವ ರೂಪದಲ್ಲಿ ಇರುತ್ತದೆ. ಹಾಳೆಯಲ್ಲಿರುವ ಸ್ಥಿರಾಂಕಗಳನ್ನು ನೋಡಿ ಹೆದರಬೇಡಿ, ಭಾಗಿಸುವಾಗ ಹೊಡೆದು ಹೋಗುತ್ತವೆ. ನಕ್ಷತ್ರ ಸೂಸುವ ಒಟ್ಟು ಬೆಳಕು ತ್ರಿಜ್ಯದ ವರ್ಗದ ಜೊತೆಗೂ ತಾಪಮಾನದ ನಾಲ್ಕನೇ ಘಾತದ ಜೊತೆಗೂ ಏರುತ್ತದೆ. ತಾಪಮಾನ ಒಂದೇ ಆದ್ದರಿಂದ ತ್ರಿಜ್ಯದ ವರ್ಗವೇ 100. ತ್ರಿಜ್ಯ 10 ಪಟ್ಟು. ಮುಗಿಯಿತು.

ಕೆಪ್ಲರ್‌ನ ಮೂರನೇ ನಿಯಮವೂ ಹಾಗೇ. ಸೂರ್ಯನಿಗೂ ಭೂಮಿಗೂ ಇರುವ ಸರಾಸರಿ ದೂರ 1 ಅಂತ ಇಟ್ಟುಕೊಂಡರೆ, ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕುವ ಅವಧಿಯ (ವರ್ಷಗಳಲ್ಲಿ) ವರ್ಗ ಅದರ ದೂರದ ಘನಕ್ಕೆ ಸಮ. ದೂರ 4 ಆದರೆ ಘನ 64, ಅವಧಿ 8 ವರ್ಷ. ಇಲ್ಲೂ ಒಂದು ಬಲೆ: ಭೂಮಿಯ ಜಾಗದಲ್ಲಿ ಗುರುಗ್ರಹವನ್ನಿಟ್ಟರೆ ವರ್ಷ ಎಷ್ಟು ಉದ್ದ ಅಂತ ಕೇಳುತ್ತಾರೆ. ಹೆಚ್ಚುಕಮ್ಮಿ ಅಷ್ಟೇ. ಸೂರ್ಯನ ಮುಂದೆ ಗ್ರಹದ ತೂಕ ಲೆಕ್ಕಕ್ಕಿಲ್ಲ.

ನಿಮಗೆ ಎರಡು ಪ್ರಶ್ನೆ ಕೊಡುತ್ತೇನೆ, ಬಿಡಿಸಿ ಇಲ್ಲೇ ಹಾಕಿ. (ಅ) ಮಧ್ಯರಾತ್ರಿ ಚಂದ್ರ ಮುಳುಗುತ್ತಿದ್ದಾನೆ, ಯಾವ ಹಂತ? (ಆ) ಒಂದು ನಕ್ಷತ್ರದ ತಾಪಮಾನ ಸೂರ್ಯನ ಅರ್ಧ, ತ್ರಿಜ್ಯ ಸೂರ್ಯನ 100 ಪಟ್ಟು. ಸೂರ್ಯನಿಗಿಂತ ಎಷ್ಟು ಪಟ್ಟು ಬೆಳಕು?

ದೂರದರ್ಶಕ

ಮೇಲಿನವರ ಮಾತು ಸರಿ, ಆದರೆ ಬಾಯಿಪಾಠವೇ ಬೇಡ ಅನ್ನುವ ಹಾಗೆ ಕೇಳುತ್ತಿದೆ. ಕೆಲವು ಅಂಕಿ ನಾಲಿಗೆ ತುದಿಯಲ್ಲೇ ಇರಬೇಕು, ಹುಡುಕುತ್ತಾ ಕೂತರೆ ಟೈಮ್ ಹೋಗುತ್ತದೆ. ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್. ಕಣ್ಣಿಗೆ ಕಾಣುವ ಬೆಳಕು 400ರಿಂದ 700 ನ್ಯಾನೋಮೀಟರ್. ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ, ಆದರೆ ನಕ್ಷತ್ರಗಳ ಲೆಕ್ಕದಲ್ಲಿ ಚಂದ್ರನ ಒಂದು ಸುತ್ತು 27.3 ದಿನ. ಈ ಎರಡು ದಿನದ ವ್ಯತ್ಯಾಸ ಯಾಕೆ ಅಂತ ಕೇಳೇ ಕೇಳುತ್ತಾರೆ. ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತ ಮುಂದೆ ಹೋಗಿರುತ್ತದೆ, ಚಂದ್ರ ಸೂರ್ಯನ ದಿಕ್ಕನ್ನು ಮತ್ತೆ ಹಿಡಿಯಬೇಕಲ್ಲ.

ಎಚ್‌ಆರ್ ನಕ್ಷೆಯಲ್ಲಿ ತಾಪಮಾನ ಏರುವುದು ಎಡಕ್ಕೆ. ಕಾಂತಿಮಾನದಲ್ಲಿ, ಅಂದರೆ ನಕ್ಷತ್ರದ ಹೊಳಪಿನ ಅಳತೆಯಲ್ಲಿ, ಅಂಕಿ ಚಿಕ್ಕದಾದಷ್ಟೂ ಪ್ರಕಾಶ ಜಾಸ್ತಿ. 5 ಕಾಂತಿಮಾನದ ವ್ಯತ್ಯಾಸ ಅಂದರೆ 100 ಪಟ್ಟು. ಲುಬ್ಧಕ ನಕ್ಷತ್ರದ್ದು −1.46, ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಂಥದ್ದು 6ರ ಹತ್ತಿರ. ಎರಡೂ ಉಲ್ಟಾ! ಯಾರು ಹೀಗೆ ಮಾಡಿಟ್ಟರೋ ಅಂತ ಬೈದುಕೊಂಡು ಕಲಿತುಬಿಡಿ.

ಇತಿಹಾಸದ_ಹುಡುಗಿ

ಇಬ್ಬರಿಗೂ ಥ್ಯಾಂಕ್ಸ್. ವೃತ್ತ ಬರೆದೆ. (ಅ) ಮಧ್ಯರಾತ್ರಿ ಮುಳುಗುತ್ತಾನೆ ಅಂದರೆ ಅತಿ ಎತ್ತರದಲ್ಲಿದ್ದದ್ದು ಸಂಜೆ 6ಕ್ಕೆ, ಹಾಗಾಗಿ ಶುಕ್ಲಪಕ್ಷದ ಅರ್ಧಚಂದ್ರ. (ಆ) 100ರ ವರ್ಗ 10,000. ತಾಪಮಾನ ಅರ್ಧವಾದ್ದರಿಂದ 16ರಿಂದ ಭಾಗಿಸಿದೆ. 625 ಪಟ್ಟು. ಸರೀನಾ?

ಇನ್ನೊಂದು ಅನುಮಾನ. ಎ ವರ್ಗದ ನಕ್ಷತ್ರಗಳ ರೋಹಿತದಲ್ಲಿ ಹೈಡ್ರೋಜನ್ ಗೆರೆಗಳು ಎದ್ದು ಕಾಣುತ್ತವೆ, ಸೂರ್ಯನಲ್ಲಿ ಅಷ್ಟಿಲ್ಲ. ಹಾಗಾದರೆ ಸೂರ್ಯನಲ್ಲಿ ಹೈಡ್ರೋಜನ್ ಕಮ್ಮಿ ಅಂತ ತಾನೇ?

ಲ್ಯಾಬ್_ಮೂಲೆ

ಇತಿಹಾಸ ಓದುವವರು ಕೇಳಬೇಕಾದ ಪ್ರಶ್ನೆಯೇ ಇದು. ಉತ್ತರ: ಅಲ್ಲ. ನಮಗೆ ಕಾಣುವ ಆ ಗೆರೆಗಳು ಮೂಡಬೇಕಾದರೆ ಹೈಡ್ರೋಜನ್‌ನ ಎಲೆಕ್ಟ್ರಾನ್ ಎರಡನೇ ಶಕ್ತಿಮಟ್ಟದಲ್ಲಿ ಇರಬೇಕು. ತಂಪು ನಕ್ಷತ್ರದಲ್ಲಿ ಬಹುಪಾಲು ಎಲೆಕ್ಟ್ರಾನ್‌ಗಳು ಮೊದಲನೇ ಮಟ್ಟದಲ್ಲೇ ಉಳಿಯುತ್ತವೆ. ತೀರಾ ಬಿಸಿಯಾದರೆ ಪರಮಾಣುವನ್ನೇ ಬಿಟ್ಟು ಹೋಗುತ್ತವೆ. ಸುಮಾರು 10,000 ಕೆಲ್ವಿನ್ ಹದವಾದ ಬಿಸಿ, ಅದೇ ಎ ವರ್ಗ. ಗೆರೆ ಎಷ್ಟು ಗಾಢ ಅನ್ನುವುದು ಮುಖ್ಯವಾಗಿ ತಾಪಮಾನದ ಮಾತು.

ಸೂರ್ಯನೂ ಹೆಚ್ಚುಕಮ್ಮಿ ಭೂಮಿಯಲ್ಲಿರುವ ವಸ್ತುಗಳಿಂದಲೇ ಆಗಿದ್ದಾನೆ ಅಂತ ದೊಡ್ಡ ವಿಜ್ಞಾನಿಗಳೇ ಒಂದು ಕಾಲದಲ್ಲಿ ನಂಬಿದ್ದರು. ಬಿಸಿಗೆ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ ಅಂತ ಹೇಳುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ಮೇಘನಾದ ಸಹಾ. ಅದನ್ನು ಬಳಸಿ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಜಾಸ್ತಿ ಅನ್ನುವ ಲೆಕ್ಕವನ್ನು 1925ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಮುಂದಿಟ್ಟವರು ಸೆಸಿಲಿಯಾ ಪೇನ್. ಆಗ ಹಿರಿಯರು ಒಪ್ಪಲಿಲ್ಲ, ಕೆಲವು ವರ್ಷಗಳ ನಂತರ ಒಪ್ಪಿದರು.

ನಿಮ್ಮ ಎರಡೂ ಉತ್ತರ ಸರಿ. (ಆ)ದಲ್ಲಿನ ನಕ್ಷತ್ರವನ್ನು ಎಚ್‌ಆರ್ ನಕ್ಷೆಯಲ್ಲಿ ಗುರುತಿಸಿ ನೋಡಿ: ತಂಪು, ಆದ್ದರಿಂದ ಬಲಕ್ಕೆ; ಬೆಳಕು ಜಾಸ್ತಿ, ಆದ್ದರಿಂದ ಮೇಲಕ್ಕೆ. ಕೆಂಪು ದೈತ್ಯಗಳು ಇರುವುದು ಅಲ್ಲೇ.