ಅಪ್‌ಡೇಟ್: ಸಂಜೆಯ ಬೇಕರಿ ಖರ್ಚು ನಿಂತಿತು

ಎರಡು ತಿಂಗಳ ಹಿಂದೆ ಕೇಳಿದ್ದೆ: ಹಾಸನದಲ್ಲಿ ನಮ್ಮದು ಐದು ಜನರ ಮನೆ, ದಿನಸಿ ಬಿಟ್ಟು ಚಿಲ್ಲರೆ ಖರ್ಚೇ ತಿಂಗಳಿಗೆ 6,000 ರೂಪಾಯಿ ದಾಟುತ್ತಿದೆ, ಎಲ್ಲಿ ಹಿಡಿತ ಮಾಡಲಿ ಅಂತ. "ಮೊದಲು ಹದಿನೈದು ದಿನ ಬರೆದಿಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್.

ಅಡುಗೆಮನೆ ಕ್ಯಾಲೆಂಡರ್ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದೆ. ಒಂದೇ ವಾರಕ್ಕೆ ಗೊತ್ತಾಯಿತು. ಕೆಲಸ ಮುಗಿಸಿ ಬರುವಾಗ ನಂದಿನಿ ಹಾಲಿಗೆ ಅಂತ ಬೇಕರಿ ಹತ್ತಿರ ಗಾಡಿ ನಿಲ್ಲಿಸುತ್ತಿದ್ದೆ. ಹಾಲಿನ ಜೊತೆ ಖಾರ ಬನ್, ರಸ್ಕ್, ಮಕ್ಕಳಿಗೆ ಚಿಪ್ಸ್. ಹಾಲು ಬಿಟ್ಟು ದಿನಾ 90 ರೂಪಾಯಿ. ಯಾರಿಗೂ ಹಸಿವಿರಲಿಲ್ಲ, ಸುಮ್ನೆ ಅಭ್ಯಾಸ. 26 ದಿನಕ್ಕೆ 2,340!

ಈಗ ಎರಡು ಹೊತ್ತಿನ ಹಾಲನ್ನೂ ಬೆಳಿಗ್ಗೆಯೇ ಮನೆಗೆ ಹಾಕಿಸುತ್ತೇವೆ. ಸಂಜೆ ಆ ಕಡೆ ಹೋಗುವ ಕೆಲಸವೇ ಇಲ್ಲ. ಭಾನುವಾರ ಅತ್ತೆ ಕರಿಬೇವು, ಬೆಳ್ಳುಳ್ಳಿ ಜಜ್ಜಿ ಹಾಕಿ ಒಂದು ಡಬ್ಬ ಮಂಡಕ್ಕಿ ಒಗ್ಗರಣೆ ಹಾಕಿಡುತ್ತಾರೆ. ಮೊದಲ ವಾರ ಮುಖ ಊದಿಸಿಕೊಂಡಿದ್ದ ಮಗಳು ಈಗ "ಅಜ್ಜಿ, ಕಡಲೆಬೀಜ ಜಾಸ್ತಿ ಹಾಕು" ಅನ್ನುತ್ತಾಳೆ.

ತರಕಾರಿಗೆ ವಾರಕ್ಕೊಮ್ಮೆ ಕಟ್ಟಿನಕೆರೆ ಮಾರ್ಕೆಟ್, ಚೀಟಿ ಬರೆದುಕೊಂಡೇ. ಫ್ರಿಜ್‌ನಲ್ಲಿ ಕೊತ್ತಂಬರಿ ಸೊಪ್ಪು ಕೊಳೆಯುವುದು ನಿಂತಿದೆ.

ಕಾಫಿಪುಡಿ ಮಾತ್ರ ಮುಟ್ಟಿಲ್ಲ. ಅದನ್ನು ಕಡಿಮೆ ಮಾಡಿ ಅಂದವರೇ, ಕ್ಷಮಿಸಿ. ಬೆಳಗಿನ ಆ ಲೋಟ ಅತ್ತೆಗೆ ಬೇಕೇ ಬೇಕು, ನನಗೂ.

ಕಳೆದ ತಿಂಗಳ ಚಿಲ್ಲರೆ ಖರ್ಚು 3,450. ನೋಟ್‌ಬುಕ್ ಇನ್ನೂ ಅಲ್ಲೇ ನೇತಾಡುತ್ತಿದೆ.