ಕರಿ ಪ್ಯಾಂಟು, ಬಿಳಿ ರಣ

ಗುಂಪಿನ ಹೆಸರು 'ವಾಡೇದ ಮಂದಿ'. ಮಂದಿ ಇರೋದು ಡೊಂಬಿವಲಿ, ಮುಲುಂಡ, ಪುಣೆ, ಗೋವಾದಾಗ. ವಾಡೆ ಮಾರಿ ಎಷ್ಟೋ ವರ್ಷ ಆತು. ಜನವರಿಗೆ ಎಲ್ಲಾರೂ ಕೂಡಿ ಗುಜರಾತಿನ ಕಛ್‌ಗೆ, ರಣ ಅನ್ನೋ ಉಪ್ಪಿನ ಮರುಭೂಮಿ ನಡುವಿನ ಹರಪ್ಪಾ ಕಾಲದ ಹಾಳೂರು ಧೋಳಾವೀರಾಕ್ಕ ಹೋಗೋದು ಅಂತ ಠರಾವ ಆಗೇದ. ಶನಿವಾರ ಮುಂಜಾನೆ ಮೇಘಾ ಹೊಸ ಕರಿ ಪ್ಯಾಂಟಿನ ಫೋಟೋ ಹಾಕಿದಳು. ಹತ್ತು ನಿಮಿಷಕ್ಕ ಇದು ಬಂತು.

ವಸಂತ ಕಾಕಾ (ಡೊಂಬಿವಲಿ), 7:42
[ಅನೇಕ ಬಾರಿ ಫಾರ್ವರ್ಡ್ ಮಾಡಲಾಗಿದೆ] [ಫೋಟೋ: ಗುಲಾಬಿ ಕಲ್ಲಿನ ಕಂಬಗಳು]
ಧೋಳಾವೀರಾ ಪ್ರವಾಸಿಗರಿಗೆ ಎಚ್ಚರಿಕೆ!! ಮರುಭೂಮಿಯ ಪ್ರಾಚೀನ ತಾಣಗಳಲ್ಲಿ ಕಪ್ಪು ಬಟ್ಟೆ ಧರಿಸಿದರೆ ದೇಹದ ಉಷ್ಣತೆ ಹತ್ತು ಡಿಗ್ರಿ ಏರುತ್ತದೆ. ಕಪ್ಪು ಬಟ್ಟೆ, ಜೀನ್ಸ್, ಬರ್ಮುಡಾ ಹಾಕಿದವರಿಗೆ ಇನ್ನು ಪ್ರವೇಶವಿಲ್ಲ: ಯುನೆಸ್ಕೊ ಆದೇಶ. ಬಿಳಿ ಬಟ್ಟೆ ಮಾತ್ರ. ನಿಮ್ಮವರ ಮೇಲೆ ಪ್ರೀತಿ ಇದ್ದರೆ ಹತ್ತು ಗುಂಪಿಗೆ ಕಳಿಸಿ.

ವಸಂತ ಕಾಕಾ, 7:43
ಮೇಘಾ, ನೋಡವಾ. ಅಂಗಡ್ಯಾಂವ ವಾಪಸ್ ತೊಗೋತಾನೇನು ಕೇಳು.

ಶ್ರೀಪಾದ ಮಾಮಾ (ಕೋಥರೂಡ), 7:50
🙏 ಭಾಳ ಉಪಯುಕ್ತ ಮಾಹಿತಿ ವಸಂತರಾವ್. ಹಿರಿಯರು ಸುಮ್ಮನ ಹೇಳಿಲ್ಲ, ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ನಾಕೂವರಿ ಸಾವಿರ ವರ್ಷದ ಊರು ಅದು. ಅಲ್ಲೆ ಹೋಗುವಾಗ ಮೈತುಂಬ ಶುಭ್ರ ಬಟ್ಟಿ ಇರಬೇಕು.

ಪ್ರಲ್ಹಾದ (ವಾಸ್ಕೋ), 7:52
ರಣದಾಗ ನೋಡೋ ಪರರು ಯಾರದಾರ ಮಾಮಾ, ಕಾಡುಕತ್ತಿ ಬಿಟ್ರ?

ರೋಹಿತ (ವಾಕಡ), 7:58
ಕಾಡುಕತ್ತಿ ಅಭಯಾರಣ್ಯ ಸಣ್ಣ ರಣದಾಗ. ಧೋಳಾವೀರಾ ದೊಡ್ಡ ರಣದ ಖಡೀರ್ ಬೇಟ್ ಅನ್ನೋ ನಡುಗಡ್ಡಿ ಮ್ಯಾಲೆ.
ಕಾಕಾ, ಆದೇಶದ ಪ್ರತಿ ಎಲ್ಲದ? ಯುನೆಸ್ಕೊ 2021ರ ಜುಲೈದಾಗ ಆ ಊರನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಖರೆ. ಗೇಟಿನ್ಯಾಗ ನಿಂತು ಪ್ಯಾಂಟು ತಪಾಸಣೆ ಮಾಡೋದು ಅದರ ಕೆಲಸ ಅಲ್ಲ. ಜಾಗಾ ನೋಡಿಕೊಳ್ಳೋದು ಭಾರತೀಯ ಪುರಾತತ್ವ ಇಲಾಖೆ. ಇನ್ನ ಮನುಷ್ಯಾನ ಮೈ 37 ಡಿಗ್ರಿ. ಹತ್ತು ಏರಿದ್ರ 47. 40 ದಾಟಿದ್ರನ ಉಷ್ಣಾಘಾತ ಅಂತಾರ; 47ಕ್ಕ ಫಾರ್ವರ್ಡ್ ಮಾಡ್ಲಿಕ್ಕೆ ಯಾರೂ ಉಳಿಯಂಗಿಲ್ಲ.
ಮತ್ತ ಆ ಫೋಟೋ ಧೋಳಾವೀರಾದ್ದು ಅಲ್ಲವ ಅಲ್ಲ. ಗುಲಾಬಿ ಬಣ್ಣದ ಗುಡ್ಡಾ ಕೊರದು ಕಂಬ ನಿಲ್ಲಿಸಿದ್ದು, ಜೋರ್ಡಾನಿನ ಪೆಟ್ರಾ.

ವಸಂತ ಕಾಕಾ, 8:01
ಫೋಟೋ ಯಾವುದರೆ ಇರಲಿ, ವಿಷಯ ಮುಖ್ಯ.

ಇಂದಿರಾ ಅತ್ಯಾ (ಮಡಗಾಂವ), 8:04
ಗುಲಾಬಿ ಕಲ್ಲು ಎಷ್ಟು ಚಂದ ಅದ. ಜನವರಿಗೆ ಇಲ್ಲೇ ಹೋಗೋದೇನು?

ರೋಹಿತ, 8:05
ಇಲ್ಲ ಅತ್ಯಾ 😑

ಶ್ರೀಪಾದ ಮಾಮಾ, 8:09
ರೋಹಿತ, ಹಿರಿಯರು ಪ್ರೀತಿಯಿಂದ ಕಳಿಸಿದ್ದಕ್ಕ ಕೋರ್ಟಿನ್ಯಾಗ ಕೇಳಿಧಂಗ ಕೇಳಬಾರದು. ಕಪ್ಪು ಶಾಖಾ ಹೀರ್ತದ ಅನ್ನೋದು ಶಾಲಿ ಪುಸ್ತಕದಾಗ ಅದ.

ರೋಹಿತ, 8:20
ಹೀರ್ತದ ಮಾಮಾ, ಇಲ್ಲಾ ಅಂದಿಲ್ಲ. ಹೀರಿದ್ದು ಚರ್ಮಾ ಮುಟ್ಟತದೋ ಇಲ್ಲೋ ಅನ್ನೋದು ಪ್ರಶ್ನೆ. ಇದನ್ನ ಅಳದು ನೋಡ್ಯಾರ. 1980ರಾಗ 'ನೇಚರ್' ಪತ್ರಿಕಾದಾಗ ಬಂದ ಸಂಶೋಧನಾ. ಸಿನಾಯ್ ಮರುಭೂಮಿಯ ಬೆದೂಯಿನ್ ಅನ್ನೋ ಅಲೆಮಾರಿ ಮಂದಿ ಅಷ್ಟು ಬಿಸಲಾಗ ಕರಿ ನಿಲುವಂಗಿ ಯಾಕ ಹಾಕ್ಕೋತಾರ ಅಂತ. ಇಸ್ರೇಲಿನ ಮರುಭೂಮಿಯೊಳಗ ಒಬ್ಬಾಂವನ್ನ ನಡುಮಧ್ಯಾಹ್ನ ಸೂರ್ಯಾಗ ಮುಖಾ ಮಾಡಿಸಿ ನಿಲ್ಲಿಸಿದ್ರು. ಗಾಳಿಯ ಶಾಖಾ 35ರಿಂದ 46 ಡಿಗ್ರಿ. ಒಮ್ಮೆ ಕರಿ ನಿಲುವಂಗಿ, ಒಮ್ಮೆ ಅಂಥಾದ್ದ ಬಿಳೇದು, ಒಮ್ಮೆ ಖಾಕಿ ಸೈನಿಕರ ಬಟ್ಟಿ, ಒಮ್ಮೆ ಬರೇ ಚಡ್ಡಿ. ಕರಿ ಬಟ್ಟಿ ಹೆಚ್ಚು ಶಾಖಾ ಹೀರಿತು, ಆದ್ರ ಹೀರಿದ ಹೆಚ್ಚಿನ ಶಾಖಾ ಚರ್ಮಕ್ಕ ಮುಟ್ಟೋದರಾಗ ಹಾರಿಹೋತು. ಒಳಗ ಮೈಗೆ ಹತ್ತಿದ್ದು ಕರಿದಕ್ಕೂ ಬಿಳೇದಕ್ಕೂ ಸರೀ ಸಮ.

ವಸಂತ ಕಾಕಾ, 8:22
ಅಂದ್ರ ನಾ ಸುಳ್ಳು ಹೇಳಿದೆ ಅಂತೀ. ಬದಾಮಿಗೆ ಹೋದಾಗೂ ಹಿಂಗ ಅಂದಿದ್ದಿ.

ಪ್ರಲ್ಹಾದ, 8:23
ಬದಾಮಿ ಅಂದಕೂಡ್ಲೆ ನೆನಪಾತು, ಅಲ್ಲೆ ಕೊಟ್ಟ ನೀಲಿ ಜಾಕೀಟು ಯಾರ ಕಪಾಟಿನಾಗ ಅದ?

(ಜಾಕೀಟಿನ ಮ್ಯಾಲೆ ಹದಿನಾಲ್ಕು ಮೆಸೇಜು ಬಂದು ಹೋದ್ವು. ಅವು ಇಲ್ಲೆ ಬ್ಯಾಡ.)

ಸುಮಾ ವೈನಿ (ಮುಲುಂಡ), 9:10
ಈಗ ಅಡಗಿಮನಿಂದ ಬಂದೆ. ರೋಹಿತ ಹೇಳಿದ್ದು ಬರೋಬ್ಬರಿ, ಆದ್ರ ಅರ್ಧಾ ಹೇಳ್ಯಾನ. ಆ ಕರಿ ನಿಲುವಂಗಿ ನಡೀತದ ಯಾಕಂದ್ರ ಅದು ಮೈಗೆ ತಾಗಂಗಿಲ್ಲ. ಕೆಳಗ ಘೇರು ತೆರದು, ಕೊರಳ ಹತ್ರ ತೆರದು. ಬಿಸಿಯಾದ ಗಾಳಿ ಒಳಗಿಂದ ಮ್ಯಾಲೆ ಏರಿ ಕೊರಳಿಂದ ಹೊರಗ ಹೋಗ್ತದ, ಕೆಳಗಿಂದ ಹೊಸಾ ಗಾಳಿ ಬರ್ತದ, ಅಡಗಿಮನಿ ಹೊಗೆಕೊಳವಿ ಇದ್ಧಂಗ. ನಡದಾಗ ಬಟ್ಟಿ ಅಲ್ಲಾಡಿ ಬೀಸಣಿಕಿ ಆಗ್ತದ. ಅದ ಕರಿ ಬಟ್ಟಿ ಮೈಗೆ ಅಂಟಿಕೊಂಡ್ರ? ನಡುವ ಗಾಳಿನ ಇಲ್ಲ. ಹೀರಿದ ಶಾಖಾ ಸೀದಾ ಚರ್ಮಕ್ಕ.
ಮೇಘಾ, ಪ್ಯಾಂಟು ಸಡಿಲ ಅದೋ ಬಿಗಿ ಅದೋ?

ಮೇಘಾ (ಠಾಣೆ), 9:12
ಸ್ಟ್ರೆಚ್ ಅದ ವೈನಿ. ಬಿಗಿ.

ಸುಮಾ ವೈನಿ, 9:13
ಹಂಗಾದ್ರ ಮಧ್ಯಾಹ್ನಕ್ಕ ಅದು ಬ್ಯಾಡ. ಮುಂಜಾನೆ ಥಂಡಿಗೆ ಹಾಕ್ಕೋ.

ವಸಂತ ಕಾಕಾ, 9:14
ಆತಲ್ಲ! ನಾ ಹೇಳಿದ್ದ ಖರೆ ಆತಲ್ಲ!

ರೋಹಿತ, 9:14
ಉತ್ತರ ಒಂದ, ಲೆಕ್ಕ ತಪ್ಪು ಕಾಕಾ.

ವಸಂತ ಕಾಕಾ, 9:15
ಮಾರ್ಕು ಉತ್ತರಕ್ಕ ಕೊಡ್ತಾರ.

ಸುಮಾ ವೈನಿ, 9:26
ಬಿಳಿ ಅಂದಕೂಡ್ಲೆ ಕಾಪಾಡ್ತದ ಅಂತ ತಿಳಕೋಬ್ಯಾಡ್ರಿ. ತೆಳು ಬಿಳಿ ಹತ್ತಿ ಟೀ-ಶರ್ಟಿನ ಯುಪಿಎಫ್ (ಬಟ್ಟಿ ಬಿಸಲಿನ ಕಿರಣಾ ಎಷ್ಟು ತಡೀತದ ಅನ್ನೋ ಅಂಕಿ) ಬರೇ 5ರಿಂದ 7. ಅಂದ್ರ ಬಿಸಲಿನ ಸುಡೋ ಕಿರಣದಾಗ ಹೆಚ್ಚುಕಮ್ಮಿ ಆರನೇ ಒಂದು ಪಾಲು ಒಳಗ ಇಳೀತದ. ಬೆವತು ತೊಯ್ದ್ರ ಇನ್ನೂ ಹೆಚ್ಚು. ಅದ ನೂಲು ಅದ ನೇಯ್ಗಿ ಗಾಢ ಬಣ್ಣದ್ದಾದ್ರ ಹೆಚ್ಚು ತಡೀತದ. ಮನ್ಯಾಗ ನೋಡೋ ರೀತಿ: ಅಂಗೀನ ಒಂದ ಪದರ ಟ್ಯೂಬ್‌ಲೈಟಿಗೆ ಹಿಡೀರಿ. ಟ್ಯೂಬಿನ ಅಂಚು ಚೊಕ್ಕ ಕಂಡ್ರ ಆ ಅಂಗಿ ಮನ್ಯಾಗ ಇರಲಿ.
ಅಳತಿ: ಎದೀ ಸುತ್ತಳತಿಗಿಂತ ಅಂಗಿ 6 ಇಂಚರೆ ಹೆಚ್ಚು ಇರಬೇಕು. ತುಂಬು ತೋಳು. ಎರಡೂ ಬಾಜು ಸೀಳಿದ್ದ ಕುರ್ತಾ ಎಲ್ಲಾಕಿಂತ ಛಲೋ. ಇನ್‌ಶರ್ಟ್ ಮಾಡಿ ಬೆಲ್ಟ್ ಬಿಗದ್ರ ಹೊಗೆಕೊಳವೀ ಬಾಯಿ ಕಟ್ಟಿಧಂಗ. ಇದು ಮಾಮಾಗ ಹೇಳಿದ್ದು.

ಶ್ರೀಪಾದ ಮಾಮಾ, 9:30
ಇನ್‌ಶರ್ಟ್ ಶಿಸ್ತಿನ ಲಕ್ಷಣ.

ಪ್ರಲ್ಹಾದ, 9:33
ವೈನಿ, ಪುಣೇದಾಗ ಸ್ಕೂಟಿ ಹುಡುಗ್ಯಾರು ಹಾಕ್ಕೋತಾರಲ್ಲ ಸನ್‌ಕೋಟ್, ಅದು?

ಸುಮಾ ವೈನಿ, 9:37
ಅದ ಬೇಕು. ಬೆರಳಿನ ತನಕಾ ತೋಳು, ಸಡಿಲ ಹತ್ತಿ, ಮುಂದ ಗುಂಡಿ. ಮ್ಯಾಲಿನ ಎರಡು ಗುಂಡಿ ತೆರದಿಡ್ರಿ. ಅವರು ಮುಖಕ್ಕ ಸುತ್ತೋ ಸ್ಕಾರ್ಫೂ ತರ್ರಿ, ರಣದಾಗ ಗಾಳಿ ಎದ್ರ ಉಪ್ಪಿನ ಧೂಳು ಮೂಗು ಕಿವಿ ಎಲ್ಲಾ ಕಡೆ.

ಇಂದಿರಾ ಅತ್ಯಾ, 9:41
ನಾ ಸೀರೀನ ಉಡಾಕಿ. ಇಲಕಲ್ಲ ನಡೀತದೋ ಇಲ್ಲೋ?

ಸುಮಾ ವೈನಿ, 9:48
ಹತ್ತಿ ಮೈ ಇದ್ದದ್ದು ನಡೀತದ ಅತ್ಯಾ. ಆದ್ರ ಸೆರಗು ರೇಷ್ಮಿ, ಜಾರ್ತದ. ಮೈ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸಿದ್ದಿರ್ತದಲ್ಲ, ತೋಪ ತೆನಿ, ಆ ಸಂದಿನ್ಯಾಗ ಪಿನ್ನು ಚುಚ್ಚಬ್ಯಾಡ್ರಿ, ಹರೀತದ. ನಾಕು ಬೆರಳು ಬಿಟ್ಟು ಚುಚ್ಚರಿ. ಒಂಬತ್ತು ಗಜದ್ದು ಕಚ್ಚಿ ಹಾಕಿ ಉಟ್ರ ನೆರಗಿ ಕಾಲಿಗೆ ಸಿಗಂಗಿಲ್ಲ. ಧೋಳಾವೀರಾದಾಗ ನೀರಿನ ಕೆರಿಗೆ ಕಲ್ಲಿನ ಮೆಟ್ಟಲಾ ಅವ, ಪೂರ್ವದ ದೊಡ್ಡ ಕೆರಿ 73 ಮೀಟರ್ ಉದ್ದ. ಕೋಟಿ, ನಡುವಿನ ಊರು, ಕೆಳಗಿನ ಊರು ಅಂತ ಏರೋದು ಇಳಿಯೋದು ಇದ್ದದ್ದ, ನೆರಳು ಸಿಗೋದು ಕಡಿಮಿ.

ಪ್ರಲ್ಹಾದ, 9:52
ಕಚ್ಚಿ ಅಂದ್ರ ಅಜ್ಜಿ. ರುಮಾಲು ಅಂದ್ರ ಅಜ್ಜ. ಏನು ಸುತ್ತತಿದ್ದಾ ಅಜ್ಜ! ಹನ್ನೆರಡು ಮಾರು ಇತ್ತು.

ವಸಂತ ಕಾಕಾ, 9:53
ಎಂಟು.

ಇಂದಿರಾ ಅತ್ಯಾ, 9:53
ಹತ್ತು. ಒಗದು ಹಿಂಡಾಕಿ ನಾನ.

ಶ್ರೀಪಾದ ಮಾಮಾ, 9:55
ಅಂಥಾ ಮಂದಿ ಈಗ ಎಲ್ಲೆ.

ರೋಹಿತ, 10:02
ಅಜ್ಜನ ರುಮಾಲು ಇಲ್ಲೆ ಉಪಯೋಗಕ್ಕ ಬರ್ತದ, ಅಳತಿ ಎಷ್ಟರೆ ಇರಲಿ. ಹತ್ತಿ ಬಟ್ಟಿ ತೊಯ್ಸಿ ಹಿಂಡಿ ತಲಿಗೆ ಸುತ್ತಿದ್ರ ನೀರು ಆರುವಾಗ ತಲೀ ಶಾಖಾ ಎಳಕೊಂಡು ಹೋಗ್ತದ. ಮುಂಬೈ, ಗೋವಾದಾಗ ಈ ಉಪಾಯ ನಡೆಯಂಗಿಲ್ಲ, ಗಾಳ್ಯಾಗ ಮೊದಲ ನೀರು ತುಂಬಿರ್ತದ, ಬಟ್ಟಿ ಆರೋದಿಲ್ಲ. ಕಛ್‌ನ್ಯಾಗ ಒಣಗಾಳಿ. ಅದಕ್ಕ ಅಲ್ಲೆ ಬೆವರೂ ಕಾಣಂಗಿಲ್ಲ, ಬರೋದರಾಗ ಆರಿರ್ತದ. 'ನಾ ಬೆವರಿಲ್ಲ, ನೀರು ಬ್ಯಾಡ' ಅನ್ನೋರ ಕಾಲರ್ ನೋಡ್ರಿ, ಉಪ್ಪಿನ ಬಿಳಿ ಗೆರಿ ಎದ್ದಿರ್ತದ.
ರುಮಾಲು ಬ್ಯಾಡಂದ್ರ ಟೊಪ್ಪಿಗಿ. ಕ್ರಿಕೆಟ್ ಟೊಪ್ಪಿಗಿ ಅಲ್ಲ, ಅದು ಕಿವಿ, ಹೆಡಕು ಬಿಡ್ತದ. ಸುತ್ತ 3 ಇಂಚು ಅಂಚು, ಗದ್ದಕ್ಕ ದಾರ. ಅಂಚಿನ ಒಳಮೈ ಗಾಢ ಬಣ್ಣ ಇರಲಿ. ಬಿಳಿ ಉಪ್ಪಿನ ಮ್ಯಾಲಿಂದ ಬಿಸಲು ಪುಟದು ಕೆಳಗಿಂದ ಮುಖಕ್ಕ ಹೊಡೀತದ, ಒಳಮೈ ಬಿಳೇದಿದ್ರ ಅದನ್ನ ಕಣ್ಣಿಗೆ ತಳ್ಳತದ. ಸನ್‌ಸ್ಕ್ರೀನು ಗದ್ದದ ಕೆಳಗ, ಮೂಗಿನ ಕೆಳಗೂ ಹಚ್ಚರಿ. ಕನ್ನಡಕ ಯುವಿ 400, ಅಂದ್ರ ಅತಿನೇರಳೆ ಕಿರಣಾ ತಡಿಯೋದು.

ಮೇಘಾ, 10:10
ಒಂದು ಮಾತು ಕೇಳ್ತೀನಿ. ನಾವು ಹೋಗೋದು ಜನವರಿಗಲ್ಲ?

(ಐದು ನಿಮಿಷ ಯಾರೂ ಏನೂ ಟೈಪ್ ಮಾಡ್ಲಿಲ್ಲ.)

ರೋಹಿತ, 10:15
ಹೌದು. ಮಧ್ಯಾಹ್ನ 26-27 ಡಿಗ್ರಿ, ಬೆಳಗಿನ ಝಾವ 10ರ ಆಸುಪಾಸು. ಉಷ್ಣಾಘಾತದ ಫಾರ್ವರ್ಡು ಮೇ ತಿಂಗಳದ್ದು.

ವಸಂತ ಕಾಕಾ, 10:16
ಬಿಸಲು ಬಿಸಲ.

ಸುಮಾ ವೈನಿ, 10:25
ಬಿಸಲು ಬಿಸಲ, ಕಾಕಾ ಹೇಳೋದು ಸುಳ್ಳಲ್ಲ. ಗಾಳಿ ಥಣ್ಣಗಿದ್ರೂ ಚರ್ಮಾ ಸುಡ್ತದ, ಥಣ್ಣಗದ ಅಂತ ಮಂದಿ ತೋಳು ಮಡಚತಾರ, ಅಲ್ಲೇ ತಪ್ಪೋದು. ಜನವರಿಗೆ ಹೆಚ್ಚಿನ ತ್ರಾಸು ಸಂಜೀದು. ಹತ್ತಿ ಬನೀನು ಮಧ್ಯಾಹ್ನ ಬೆವರು ಕುಡದು ಹಸಿ ಇರ್ತದ. ಸೂರ್ಯಾ ಮುಳುಗಿ ಗಾಳಿ ಬೀಸಿದ್ರ ಅದ ಬನೀನು ಬರ್ಫಿನ ಚೀಲಾ. ಒಣಾ ಬನೀನು ಒಂದು ಚೀಲದಾಗ ಇಟಗೊಂಡು 5 ಗಂಟೇದ ಒಳಗ ಬದಲಿಸರಿ. ಮ್ಯಾಲೆ ಗಾಳಿ ತಡಿಯೋ ತೆಳು ಜಾಕೀಟು. ದಪ್ಪ ಸ್ವೆಟರ್ ಒಂದಕ್ಕಿಂತ ಗಾಳಿ ತಡಿಯೋ ತೆಳುವು ಎರಡು ಛಲೋ. ಖಾವಡಾ ಕಡಿಂದ ಬಿಳಿ ರಣದ ನಡುವಿನ ರಸ್ತಾದಾಗ ಇಳದು ಫೋಟೋ ತಗಸೋರು ಲಕ್ಷ ಇಡ್ರಿ: ಉಪ್ಪಿನ ಹೆಪ್ಪಳಿಕಿ ಕೆಳಗ ಕೆಸರು ಇರ್ತದ, ಚಪ್ಪಲ್ ಒಳಗೇ ಉಳೀತದ. ಉಪ್ಪು ಹತ್ತಿದ ಬೂಟು, ಚೈನು ರಾತ್ರಿನ ಸೀನೀರಿನಾಗ ತೊಳೀರಿ, ಬಿಟ್ರ ಚೈನು ಜಂಗು ಹಿಡೀತದ.

ಪ್ರಲ್ಹಾದ, 10:28
ಕೊಲ್ಹಾಪುರಿ ನಡೀತದೇನು? (ಹಂಪಿ ನೆನಸಬ್ಯಾಡ್ರಿ)

ರೋಹಿತ, 10:36
ಹಂಪಿ ನೆನಸ್ತೀನಿ. ಹೊಸಾ ಚರ್ಮಾ, ಹೊಸಾ ಗುಳ್ಳಿ, ಇಡೀ ಗುಂಪು ಗುಡಿ ಮುಂದ ಕೂತು ಪಟ್ಟಿ ಹಚ್ಚಿದ್ದು. ಕಛ್‌ನ್ಯಾಗ ಇನ್ನೊಂದು ಕಾರಣ: ನಮ್ಮ ಬಳ್ಳಾರಿ ಜಾಲಿ ಅಲ್ಲೂ ಅದ, ಅವರು ಗಾಂಡೋ ಬಾವಳ ಅಂತಾರ. ಮುಳ್ಳು ಹಗರ ಫೋಮಿನ ಅಟ್ಟಿ ದಾಟಿ ಹಿಮ್ಮಡಕ್ಕ ಬರ್ತದ. ಗಟ್ಟಿ ರಬ್ಬರ್ ತಳದ ಬೂಟು, ಅರ್ಧಾ ಸೈಜು ದೊಡ್ಡದು, ಸಂಜಿಗೆ ಹೋಗಿ ತೊಗೊಳ್ರಿ, ಕಾಲು ಆಗ ಬಾತಿರ್ತದ.
ಹಳೇ ಟ್ರೆಕ್ಕಿಂಗ್ ಬೂಟು ಕಪಾಟಿನಿಂದ ತಗಿಯೋರು ಮೊದಲ ಒಂದು ಪರೀಕ್ಷಾ ಮಾಡ್ರಿ. ತಳಕ್ಕೂ ಮ್ಯಾಲಿನ ಚರ್ಮಕ್ಕೂ ನಡುವ ಪಾಲಿಯುರಿಥೇನ್ ಫೋಮು ಇರ್ತದ. ನಮ್ಮ ಕಡೆ ಮಳಿಗಾಲದ ಹಸಿ ಹವಾ ಅದನ್ನ ಒಳಗಿಂದ ಒಡೀತದ, ಹಾಕ್ಕೊಳ್ಳದ ಬೂಟಿಗೂ. ನೋಡ್ಲಿಕ್ಕೆ ಹೊಸಾದು. ಹೆಬ್ಬೆರಳು ಒತ್ತಿ ನೋಡ್ರಿ. ಪುಡಿ ಬಂದ್ರ, ಸೀಳು ಬಿಟ್ರ, ಆ ಬೂಟು ಎರಡು ತಾಸಿಗೆ ಬಾಯಿ ತೆರೀತದ.

ವಸಂತ ಕಾಕಾ, 10:38
ನಂದು ಕೈಲಾಸಕ್ಕ ಅಂತ ತೊಗೊಂಡ ಬೂಟು. ಡಬ್ಬಿ ಸಮೇತ ಅದ. ಭಾರೀ ಕಂಪನಿ. ಅದಕ್ಕ ಏನೂ ಆಗಂಗಿಲ್ಲ.

ಶ್ರೀಪಾದ ಮಾಮಾ, 10:40
ಹಳೇದ ಗಟ್ಟಿ. ಈಗಿನ ಮಾಲು ಏನದ.

(ಮಧ್ಯಾಹ್ನ ಊಟ, ನಿದ್ದಿ. ಸಂಜೀಕ ಒಂದು ಫೋಟೋ ಬಂತು: ಹೆಬ್ಬೆರಳು, ಅದಕ್ಕ ಹತ್ತಿದ್ದು ರಾಗಿಹಿಟ್ಟಿನಂಥ ಕಂದು ಪುಡಿ.)

ವಸಂತ ಕಾಕಾ, 5:47
ಇದಕ್ಕ ಫೆವಿಕ್ವಿಕ್ ನಡೀತದೇನು?

ರೋಹಿತ, 5:49
ನಡೆಯಂಗಿಲ್ಲ ಕಾಕಾ. ಅಂಟು ಬಿಟ್ಟಿಲ್ಲ, ಫೋಮ ಪುಡಿ ಆಗೇದ. ಅಂಟು ಹಿಡೀಲಿಕ್ಕೆ ಏನೂ ಉಳದಿಲ್ಲ.

ಮೇಘಾ, 5:52
ಕಾಕಾ, ನಾಳೆ ಪ್ಯಾಂಟು ಬದಲಿಸ್ಲಿಕ್ಕೆ ಅಂಗಡಿಗೆ ಹೊಂಟೇನಿ. ಬರ್ತೀರೇನು? ಸಂಜಿಗೆ ಹೋಗೋಣು.

ವಸಂತ ಕಾಕಾ, 5:58
ಬರ್ತೀನಿ. ಆ ಅಂಗಡ್ಯಾಗ ಸನ್‌ಕೋಟ್ ಗಂಡಸರದ್ದೂ ಇರ್ತದೇನು? ಎದಿ 42.

ಸುಮಾ ವೈನಿ, 5:59
48 ತೊಗೊಳ್ರಿ.