ಸಹಾಯ ಬೇಕು: ಬಾಡಿಗೆ ಕಾರನ್ನು ರೋ-ರೋ (ವಾಹನಗಳನ್ನೂ ಒಯ್ಯುವ) ಹಡಗಿಗೆ ಏರಿಸಬಹುದೇ?

ನಮಸ್ಕಾರ. ನಾವು ಮುಂಬೈನ ಮಾಟುಂಗಾದವರು. ಭಾನುವಾರ ಅಮ್ಮನಿಗೆ ಕರಾವಳಿಯ ಮುರುಡ್ ಊರು ಮತ್ತು ಅಲ್ಲಿನ ಸಮುದ್ರದೊಳಗಿನ ಜಂಜೀರಾ ಕೋಟೆ ತೋರಿಸಿ ರಾತ್ರಿಯೊಳಗೆ ಮರಳಬೇಕು. ಬಾಡಿಗೆ ಕಾರು, ನಾನೇ ಓಡಿಸುತ್ತೇನೆ. ಪೆಣ್ ಊರಿನ ಮೂಲಕ ಸುತ್ತಿ ರಸ್ತೆಯಲ್ಲೇ ಹೋದರೆ ಅಷ್ಟು ಹೊತ್ತು ಮಂಡಿ ಮಡಚಿ ಕೂರುವುದು ಅಮ್ಮನಿಗೆ ಆಗುವುದಿಲ್ಲ. ಮುಂಬೈನ ಭಾವುಚಾ ಧಕ್ಕಾ ಹಡಗುಕಟ್ಟೆಯಿಂದ ಕೊಲ್ಲಿಯಾಚೆ ಮುರುಡ್ ಕಡೆಗಿರುವ ಮಾಂಡವಾಕ್ಕೆ ರೋ-ರೋನಲ್ಲಿ ಸುಮಾರು ಒಂದು ಗಂಟೆ. ಎದ್ದು ಓಡಾಡಬಹುದು, ಗಾಳಿಯೂ ಸಿಗುತ್ತದೆ.

ಕಾರಿನವರಿಗೆ ಎರಡು ಬಾರಿ ಫೋನ್ ಮಾಡಿದೆ. ಒಬ್ಬರು ‘ಧಾರಾಳವಾಗಿ ಒಯ್ಯಿರಿ’ ಎಂದರು, ಇನ್ನೊಬ್ಬರು ಹಡಗಿನಲ್ಲಿ ಗೀರು ಬಿದ್ದರೂ ವಿಮೆ ಸಿಗದು ಎಂದರು. ಕರಾರು ಪತ್ರವನ್ನು ಮೂರು ಸಲ ಓದಿದೆ, ಅದರಲ್ಲಿ ಹಡಗಿನ ಮಾತೇ ಇಲ್ಲ.

ಬಾಡಿಗೆ ಕಾರನ್ನು ರೋ-ರೋನಲ್ಲಿ ಒಯ್ದವರು ಇದ್ದೀರಾ? ಲಿಖಿತ ಅನುಮತಿ ಪಡೆದಿದ್ದಿರಾ? ಧಕ್ಕೆಯಲ್ಲಿ ಯಾವ ಕಾಗದ ಕೇಳಿದರು?